ಪ್ರೌಢಶಾಲೆಯಿಂದ ಮುಂದೆ ಯಾವ ದಾರಿ?

(ಶಿಕಾರಿಪುರದಲ್ಲಿಯೂ ಸೊರಬದಲ್ಲಿಯೂ ಹತ್ತನೆಯ ತರಗತಿಯ ವಿದ್ಯಾರ್ಥಿಗಳು, ಅವರ ತಾಯಿತಂದೆಗಳು ಹಾಗೂ ಉಪಾಧ್ಯಾಯರನ್ನು ಕುರಿತು ಮಾಡಿದ ಭಾಷಣ)



ವಿದ್ಯಾಭ್ಯಾಸದ ವಿಷಯವಾಗಿ ಮಾತನಾಡಲು ವಕೀಲರಾದ ನಮ್ಮನ್ನು ಕರೆದುದು ನಿಮ್ಮಲ್ಲಿ ಕೆಲವರಿಗೆ ಸೋಜಿಗವೆನಿಸಿರಬಹುದು. ಆದರೆ ಮಕ್ಕಳ ಓದಿಗೂ ನಮ್ಮ ಕಚೇರಿಗೂ ಸಂಬಂಧವಿಲ್ಲವೆಂದು ತಿಳಿಯಬೇಡಿರಿ. ಸೊರಬದ ಕಡೆಯ ರೈತರೊಬ್ಬರು ಕೆಲವು ವರ್ಷಗಳ ಹಿಂದೆ ಗದ್ದೆಯನ್ನು ಅಡವಿಡುವ ಪತ್ರ ಬರೆಯಿಸಲು ನಮ್ಮಲ್ಲಿಗೆ ಬಂದಿದ್ದರು. ಮಗನನ್ನು ದೂರದ ಊರಿನ ಕಾಲೇಜಿನಲ್ಲಿಟ್ಟು ವೈದ್ಯನನ್ನಾಗಿ ಮಾಡಬೇಕೆಂಬುದು ಅವರ ಆಸೆ. ಹುಡುಗನೂ ಪಕ್ಕದಲ್ಲಿ ಕುಳಿತಿದ್ದನು. "ನಿನಗೆ ಏನು ಓದಬೇಕೆಂದಿದೆಯಪ್ಪಾ?" ಎಂದು ಕೇಳಿದೆವು. ಅವನು ಉತ್ತರ ಹೇಳಲಿಲ್ಲ. ತಂದೆಯ ಮುಖವನ್ನು ನೋಡಿದನು. ಆ ಹುಡುಗನು ವರ್ಷ ತುಂಬುವ ಮೊದಲೇ ಊರಿಗೆ ಮರಳಿ ಬಂದನು. ಕಟ್ಟಿದ ಹಣ ಮರಳಿ ಬರಲಿಲ್ಲ. ಗದ್ದೆಯ ಮೇಲಿನ ಸಾಲವೂ ತೀರಲಿಲ್ಲ. ಹುಡುಗನು ದಡ್ಡನಾಗಿರಲಿಲ್ಲ, ತಂದೆಯು ದುಷ್ಟನಾಗಿರಲಿಲ್ಲ. ಅವರಿಬ್ಬರೂ ಕುಳಿತು ಮಾತನಾಡಬೇಕಾಗಿದ್ದ ಒಂದು ಗಂಟೆಯ ಮಾತು ಅವರ ಮನೆಯಲ್ಲಿ ನಡೆದಿರಲಿಲ್ಲ. ಆ ಮಾತನ್ನು ಹೇಗೆ ಆಡಬೇಕೆಂಬುದೇ ಇಂದಿನ ನಮ್ಮ ವಿಷಯ.

ಓದಿಗಾಗಿ ಊರು ಬಿಡುವುದು ಈ ಸೀಮೆಗೆ ಹೊಸದಲ್ಲ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬದ ಶಾಸನವನ್ನು ನೀವು ಪಾಠದಲ್ಲಿ ಓದಿದ್ದೀರಿ. ಕದಂಬ ವಂಶದ ಮೂಲಪುರುಷನಾದ ಮಯೂರಶರ್ಮನು ಗುರುವಾದ ವೀರಶರ್ಮನೊಡನೆ ಹೆಚ್ಚಿನ ವ್ಯಾಸಂಗಕ್ಕಾಗಿ ಕಂಚಿಯ ಘಟಿಕಾಸ್ಥಾನಕ್ಕೆ ಹೋದನೆಂದು ಆ ಶಾಸನವು ಹೇಳುತ್ತದೆ. ಅದೇ ತಾಲ್ಲೂಕಿನ ಬಳ್ಳಿಗಾವಿಯ ಕೋಡಿಯಮಠದಲ್ಲಿ ವ್ಯಾಕರಣ, ದರ್ಶನ, ಕಾವ್ಯ, ನಾಟಕ ಮೊದಲಾದ ಹಲವು ವಿದ್ಯೆಗಳನ್ನು ಹೇಳಿಕೊಡುತ್ತಿದ್ದುದನ್ನೂ, ಹಸಿದವರಿಗೆ ಅನ್ನವನ್ನೂ ರೋಗಿಗಳಿಗೆ ಔಷಧವನ್ನೂ ಕೊಡುತ್ತಿದ್ದುದನ್ನೂ 1162ರ ಶಾಸನವೊಂದು ವರ್ಣಿಸಿದೆ. ಇಂತಹ ನೆಲದ ಮಕ್ಕಳು ಇಂದು ಯಾವ ವಿದ್ಯೆಯನ್ನು ಆರಿಸಬೇಕೆಂದು ತಿಳಿಯದೆ ಯಾರೋ ಹೇಳಿದ ಕಡೆಗೆ ನಡೆಯುವುದು ನಮಗೆ ಒಪ್ಪುವ ಮಾತಲ್ಲ.

ಈಗ ಆಯ್ಕೆಯು ಹೇಗೆ ನಡೆಯುತ್ತಿದೆಯೆಂಬುದನ್ನು ನೋಡೋಣ. ಎಸ್.ಎಸ್.ಎಲ್.ಸಿ. ಫಲಿತಾಂಶ ಬರುತ್ತದೆ. ಅಂಕ ಹೆಚ್ಚು ಬಂದವರು ವಿಜ್ಞಾನಕ್ಕೆ, ನಡುವಿನವರು ವಾಣಿಜ್ಯಕ್ಕೆ, ಉಳಿದವರು ಕಲೆಗೆ ಎಂದು ಊರೇ ತೀರ್ಪು ಕೊಟ್ಟುಬಿಡುತ್ತದೆ. ಪಕ್ಕದ ಮನೆಯ ಹುಡುಗನು ಏನು ತೆಗೆದುಕೊಂಡನು, ಬೆಂಗಳೂರಿನಲ್ಲಿರುವ ನೆಂಟರು ಏನು ಹೇಳಿದರು, ಯಾವ ಕಾಲೇಜಿನ ಜಾಹೀರಾತಿನಲ್ಲಿ ಎಷ್ಟು ಭಾವಚಿತ್ರಗಳಿವೆ ಎಂಬುವುಗಳ ಮೇಲೆ ಒಂದು ವಾರದೊಳಗೆ ಮಗುವಿನ ಮುಂದಿನ ಬಾಳು ನಿಶ್ಚಯವಾಗುತ್ತದೆ. ಎತ್ತು ಕೊಳ್ಳುವಾಗ ಹಲ್ಲು ನೋಡಿ, ನಡಿಗೆ ನೋಡಿ, ನಾಲ್ಕು ಸಂತೆ ತಿರುಗುವ ನಾವು ಮಕ್ಕಳ ವಿದ್ಯೆಯ ವಿಷಯದಲ್ಲಿ ಅಷ್ಟು ವಿಚಾರವನ್ನೂ ಮಾಡುವುದಿಲ್ಲ.

ನಮ್ಮ ಸ್ವಂತ ಕಥೆಯೂ ಇದೇ. ಹತ್ತನೆಯ ತರಗತಿಯಲ್ಲಿ ನಮಗೆ ಒಳ್ಳೆಯ ಅಂಕಗಳು ಬಂದಿದ್ದವು. ಸೋದರಮಾವಂದಿರ ಮಾತಿನಂತೆ ವಿಜ್ಞಾನಕ್ಕೆ ಸೇರಿದೆವು. ನಮಗೆ ಪ್ರಿಯವಾಗಿದ್ದುದು ಚರ್ಚಾಸ್ಪರ್ಧೆ ಮತ್ತು ಇತಿಹಾಸ. ಆದರೆ ಅದನ್ನು ಯಾರೂ ಕೇಳಲಿಲ್ಲ, ನಾವಾಗಿ ಹೇಳುವ ಧೈರ್ಯವೂ ನಮಗಿರಲಿಲ್ಲ. ಎರಡನೆಯ ವರ್ಷದ ಗಣಿತದಲ್ಲಿ ನಪಾಸಾದೆವು. ಒಂದು ವರ್ಷ ಕಳೆದು, ಮರಳಿ ಪರೀಕ್ಷೆಗೆ ಕುಳಿತು, ಆ ಬಳಿಕ ಬಿ.ಎ. ಓದಿ ಕಾನೂನಿಗೆ ಬಂದೆವು. ಇದರಲ್ಲಿ ವಿಜ್ಞಾನದ ತಪ್ಪೇನೂ ಇಲ್ಲ. ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಬಸ್ಸು ಹತ್ತಿದುದು ನಮ್ಮ ತಪ್ಪು.

ಹಾಗಾದರೆ ಆರಿಸುವ ಕ್ರಮ ಯಾವುದು? ಮುಂದಿನಿಂದ ಹಿಂದಕ್ಕೆ ಲೆಕ್ಕ ಹಾಕಿಕೊಂಡು ಬರುವುದೇ ಸರಿಯಾದ ಕ್ರಮವೆಂದು ನಮ್ಮ ಅಭಿಪ್ರಾಯ. ಮೊದಲು ಮುಂದೆ ಮಾಡಬೇಕೆಂದಿರುವ ಉದ್ಯೋಗವನ್ನು ನೆನೆಯಿರಿ. ಒಂದೇ ಆಗಬೇಕಿಲ್ಲ, ಎರಡು ಮೂರು ಇರಲಿ. ಆ ಉದ್ಯೋಗಕ್ಕೆ ಯಾವ ಪದವಿ ಬೇಕು, ಆ ಪದವಿಗೆ ಸೇರಲು ಯಾವ ಪ್ರವೇಶ ಪರೀಕ್ಷೆ ಇದೆ, ಆ ಪರೀಕ್ಷೆಗೆ ಪಿ.ಯು.ಸಿ.ಯಲ್ಲಿ ಯಾವ ವಿಷಯಗಳನ್ನು ಓದಿರಬೇಕು ಎಂದು ಒಂದೊಂದಾಗಿ ವಿಚಾರಿಸಿರಿ. ಪಿ.ಯು.ಸಿ.ಯಲ್ಲಿ ಎರಡು ಭಾಷೆಗಳು, ನಾಲ್ಕು ಐಚ್ಛಿಕ ವಿಷಯಗಳು. ಜನರು ಕಾಂಬಿನೇಷನ್ ಎಂದು ಕರೆಯುವುದು ಈ ನಾಲ್ಕರ ಗುಂಪನ್ನು. ಈ ನಾಲ್ಕು ವಿಷಯಗಳೇ ಮುಂದಿನ ಪದವಿಗೆ ಅರ್ಹತೆಯನ್ನು ಕೊಡುವುವು ಅಥವಾ ಕೊಡದಿರುವುವು.

ವಿಜ್ಞಾನವನ್ನೇ ಮೊದಲು ತೆಗೆದುಕೊಳ್ಳೋಣ. ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರ ಸಾಮಾನ್ಯವಾಗಿ ಎಲ್ಲರಿಗೂ ಇರುತ್ತವೆ. ಗಣಿತ, ಜೀವಶಾಸ್ತ್ರಗಳೆರಡನ್ನೂ ಸೇರಿಸಿದರೆ ಪಿ.ಸಿ.ಎಂ.ಬಿ.; ಜೀವಶಾಸ್ತ್ರವನ್ನು ಬಿಟ್ಟು ಗಣಕ ವಿಜ್ಞಾನವನ್ನು ತೆಗೆದುಕೊಂಡರೆ ಪಿ.ಸಿ.ಎಂ.ಸಿ. ಇಂಜಿನಿಯರಿಂಗಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಈ ಮೂರು ಸಾಕು. ಈ ಮೂರರಲ್ಲಿ ಒಟ್ಟು ಶೇಕಡಾ 45, ಮೀಸಲು ವರ್ಗದವರಿಗೆ ಶೇಕಡಾ 40 ಅಂಕಗಳಿರಬೇಕು. ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ನಡೆಸುವ ಸಿ.ಇ.ಟಿ.ಯಲ್ಲಿ ಇಂಜಿನಿಯರಿಂಗಿನ ರ್‍ಯಾಂಕಿಗೆ ಪಿ.ಯು.ಸಿ. ಅಂಕಗಳನ್ನೂ ಪ್ರವೇಶ ಪರೀಕ್ಷೆಯ ಅಂಕಗಳನ್ನೂ ಅರ್ಧರ್ಧ ಸೇರಿಸುತ್ತಾರೆ. ಆದುದರಿಂದ ಸಿ.ಇ.ಟಿ. ಒಂದನ್ನೇ ನೆಚ್ಚಿ ಪಿ.ಯು.ಸಿ. ಪಾಠವನ್ನು ಅಲಕ್ಷಿಸಿದವನು ಅರ್ಧವನ್ನು ಮೊದಲೇ ಕಳೆದುಕೊಂಡಂತೆ.

ವೈದ್ಯಕೀಯಕ್ಕೆ ದೇಶಕ್ಕೆಲ್ಲ ಒಂದೇ ಪರೀಕ್ಷೆಯಾದ ನೀಟ್ ಇದೆ. ಅದಕ್ಕೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳು ಬೇಕು, ಗಣಿತ ಬೇಡ. ಪಶುವೈದ್ಯಕೀಯಕ್ಕೂ ಬಿ.ಎಸ್‌ಸಿ. ನರ್ಸಿಂಗಿಗೂ ಜೀವಶಾಸ್ತ್ರವಿರಲೇಬೇಕು. ಶಿವಮೊಗ್ಗದಲ್ಲಿಯೇ ವೈದ್ಯಕೀಯ ಕಾಲೇಜೂ ಪಶುವೈದ್ಯಕೀಯ ಕಾಲೇಜೂ ಇವೆ. ವೈದ್ಯರಾಗಬೇಕೆಂಬ ಮಗುವಿಗೆ ಗಣಿತವು ಹೊರೆಯಾದೀತೆಂದು ಅದನ್ನು ಬಿಡಿಸುವ ತಂದೆತಾಯಿಗಳಿದ್ದಾರೆ. ಬಿಡಿಸುವ ಮೊದಲು ಒಂದನ್ನು ಯೋಚಿಸಿರಿ: ನೀಟ್ ಬರೆಯುವವರಲ್ಲಿ ಬಹುಮಂದಿಗೆ ಸೀಟು ದೊರೆಯುವುದಿಲ್ಲ. ಗಣಿತವನ್ನು ಓದಿರುವವನಿಗೆ ಆಗ ಇಂಜಿನಿಯರಿಂಗು ಉಳಿಯುತ್ತದೆ, ಕೃಷಿ ಪದವಿಯೂ ಉಳಿಯುತ್ತದೆ.

ಕೃಷಿಯ ಮಾತು ಬಂದುದರಿಂದ ಅದನ್ನು ಸ್ವಲ್ಪ ವಿಸ್ತರಿಸುತ್ತೇವೆ. ಅಡಕೆ, ಭತ್ತ, ಮೆಕ್ಕೆಜೋಳ, ಶುಂಠಿ, ಅನಾನಸು ಬೆಳೆಯುವ ಈ ಎರಡು ತಾಲ್ಲೂಕುಗಳಲ್ಲಿ ಕೃಷಿಶಾಸ್ತ್ರದ ಪದವಿಯನ್ನು ಮೊದಲ ಆಯ್ಕೆಯಾಗಿ ನೆನೆಯುವ ಮಕ್ಕಳು ಬಹಳ ಕಡಿಮೆ. ಕೆಳದಿ ಶಿವಪ್ಪನಾಯಕರ ಹೆಸರಿನ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯವು 2012ರಲ್ಲಿ ಆರಂಭವಾಗಿ, ನೆರೆಯ ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿ ತನ್ನ ಮುಖ್ಯ ಆವರಣವನ್ನು ಹೊಂದಿದೆ. ಶಿರಸಿಯಲ್ಲಿ ಅರಣ್ಯ ಮಹಾವಿದ್ಯಾಲಯವಿದೆ. ರಾಣೆಬೆನ್ನೂರಿನ ಬಳಿಯ ಹನುಮನಮಟ್ಟಿಯಲ್ಲಿ ಕೃಷಿ ಮಹಾವಿದ್ಯಾಲಯವಿದೆ. ಈ ಪದವಿಗಳ ರ್‍ಯಾಂಕಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ ನಾಲ್ಕನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಅಲ್ಲದೆ ರೈತರ ಮಕ್ಕಳಿಗೆಂದು ಪ್ರತ್ಯೇಕ ಸೀಟುಗಳಿದ್ದು, ಬೀಜ, ಗಿಡ, ಉಪಕರಣಗಳನ್ನು ಗುರುತಿಸುವಂತಹ ಪ್ರಾಯೋಗಿಕ ಪರೀಕ್ಷೆಯನ್ನು ಅದಕ್ಕಾಗಿ ನಡೆಸುವ ಪದ್ಧತಿಯಿದೆ. ಗದ್ದೆಯ ಬದುವಿನಲ್ಲಿ ಬೆಳೆದ ಮಗುವಿಗೆ ಪೇಟೆಯ ಮಗುವಿಗಿಂತ ಹೆಚ್ಚು ತಿಳಿದಿರುವ ಪರೀಕ್ಷೆ ಇದೊಂದೇ ಇರಬಹುದು. ಹೀಗಿರುವಲ್ಲಿ ರೈತನ ಮಗನು ಹತ್ತನೆಯ ತರಗತಿ ಮುಗಿದೊಡನೆ ಯಾರ ಮಾತನ್ನೋ ಕೇಳಿ ಜೀವಶಾಸ್ತ್ರವನ್ನು ಬಿಟ್ಟರೆ, ತನ್ನ ಮನೆಯ ವಿದ್ಯೆಗೆ ತಾನೇ ಹೊರಗಿನವನಾಗುತ್ತಾನೆ.

ಇಷ್ಟು ಕೇಳಿ ಎಲ್ಲರೂ ವಿಜ್ಞಾನಕ್ಕೇ ಹೋಗಬೇಕೆಂದು ನಾವು ಹೇಳುತ್ತಿರುವೆವೆಂದು ತಿಳಿಯಬೇಡಿರಿ. ವಿಜ್ಞಾನ ಓದಿದವನು ಮುಂದೆ ಕಲೆಗೂ ವಾಣಿಜ್ಯಕ್ಕೂ ಬರಬಹುದು, ಆದರೆ ಕಲೆ ಓದಿದವನು ಇಂಜಿನಿಯರಿಂಗಿಗೂ ವೈದ್ಯಕೀಯಕ್ಕೂ ಹೋಗಲಾರನು ಎಂಬುದು ನಿಜವೇ. ಆದರೆ ಆ ಮಾತು ಪಾಸಾದವರಿಗೆ ಮಾತ್ರ ಹೊಂದುತ್ತದೆ. ಮನಸ್ಸಿಲ್ಲದ ವಿಷಯವನ್ನು ಓದಿ ನಪಾಸಾದವನಿಗೆ ಯಾವ ದಾರಿಯೂ ಇಲ್ಲ. ಅದು ನಮ್ಮದೇ ಅನುಭವ. ಪ್ರೌಢಶಾಲೆಯ ಗಣಿತವನ್ನು ಮಗುವು ಅರ್ಥ ಮಾಡಿಕೊಂಡು ಮಾಡಿದೆಯೋ, ಉರುಹೊಡೆದು ಮಾಡಿದೆಯೋ ಎಂಬುದನ್ನು ಉಪಾಧ್ಯಾಯರಲ್ಲಿ ಕೇಳಿರಿ. ಅಂಕಪಟ್ಟಿಯು ಅದನ್ನು ಹೇಳಲಾರದು. ಮೂರು ವರ್ಷ ಕರಿಹಲಗೆಯ ಮುಂದೆ ಮಗುವನ್ನು ನಿಲ್ಲಿಸಿ ನೋಡಿದ ಗುರುಗಳು ಹೇಳಬಲ್ಲರು.

ವಾಣಿಜ್ಯದಲ್ಲಿ ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರ, ಅರ್ಥಶಾಸ್ತ್ರಗಳ ಜೊತೆಗೆ ಇತಿಹಾಸವನ್ನೋ ಸಂಖ್ಯಾಶಾಸ್ತ್ರವನ್ನೋ ಗಣಕ ವಿಜ್ಞಾನವನ್ನೋ ಮೂಲ ಗಣಿತವನ್ನೋ ತೆಗೆದುಕೊಳ್ಳುವುದುಂಟು. ಆ ನಾಲ್ಕನೆಯ ವಿಷಯವನ್ನು ಸುಲಭವೆಂಬ ಒಂದೇ ಕಾರಣಕ್ಕೆ ಆರಿಸಬೇಡಿರಿ. ಬ್ಯಾಂಕು, ವಿಮೆ, ಲೆಕ್ಕ ತಪಾಸಣೆಯ ಕಡೆಗೆ ಹೋಗುವವರಿಗೆ ಸಂಖ್ಯಾಶಾಸ್ತ್ರವೂ ಮೂಲ ಗಣಿತವೂ ಆಧಾರವಾಗುತ್ತವೆ. ಚಾರ್ಟರ್ಡ್ ಅಕೌಂಟೆಂಟರ ಮೊದಲ ಪರೀಕ್ಷೆಯನ್ನು ಪಿ.ಯು.ಸಿ. ಮುಗಿಸಿದ ಯಾವ ವಿಭಾಗದವರೂ ಬರೆಯಬಹುದು. ಆದರೆ ಅದರಲ್ಲಿಯೂ ಗಣಿತ, ಸಂಖ್ಯಾಶಾಸ್ತ್ರಗಳ ಪತ್ರಿಕೆ ಇದೆಯೆಂಬುದನ್ನು ಮರೆಯಬಾರದು.

ಕಲಾ ವಿಭಾಗವನ್ನು ಸೋತವರ ಆಶ್ರಯವೆಂದು ತಿಳಿಯುವ ಕೆಟ್ಟ ವಾಡಿಕೆ ನಮ್ಮಲ್ಲಿ ಬೆಳೆದಿದೆ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರಗಳನ್ನು ಮನಸ್ಸಿಟ್ಟು ಓದಿದವರಿಗೆ ಅಧ್ಯಾಪನ, ಪತ್ರಿಕಾವೃತ್ತಿ, ಆಡಳಿತ ಸೇವೆ, ಕಾನೂನು ಎಲ್ಲವೂ ಇವೆ. ನಾಗರಿಕ ಸೇವೆಯ ಪರೀಕ್ಷೆಗೆ ಯಾವ ಪದವಿಯಾದರೂ ಸಾಕು. ಅದರ ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯುವುದಕ್ಕೂ, ಕನ್ನಡ ಸಾಹಿತ್ಯವನ್ನೇ ಐಚ್ಛಿಕವಾಗಿ ಆರಿಸುವುದಕ್ಕೂ ಅವಕಾಶವಿದೆ. ಕಾನೂನಿನ ಐದು ವರ್ಷದ ಪದವಿಗೆ ಪಿ.ಯು.ಸಿ.ಯ ಯಾವ ವಿಭಾಗದವರೂ ಸೇರಬಹುದು. ಸಾಮಾನ್ಯ ವರ್ಗದವರಿಗೆ ಶೇಕಡಾ 45 ಅಂಕಗಳಿರಬೇಕು. ಪದವಿಯ ಬಳಿಕ ಮೂರು ವರ್ಷದ ಕ್ರಮವೂ ಇದೆ.

ಪಿ.ಯು.ಸಿ.ಯೊಂದೇ ದಾರಿಯೂ ಅಲ್ಲ. ಕೈಕೆಲಸದಲ್ಲಿ ಒಲವಿರುವ ಮಗುವು ಹತ್ತನೆಯ ತರಗತಿಯಿಂದ ನೇರವಾಗಿ ಐ.ಟಿ.ಐ.ಗೆ ಅಥವಾ ಮೂರು ವರ್ಷದ ಪಾಲಿಟೆಕ್ನಿಕ್ ಡಿಪ್ಲೊಮಾಕ್ಕೆ ಹೋಗಬಹುದು. ಡಿಪ್ಲೊಮಾ ಮುಗಿಸಿದವರು ಡಿ.ಸಿ.ಇ.ಟಿ. ಬರೆದು ಇಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ಸೇರಬಹುದು. ಶ್ರೀಗಂಧದ ಮರದಲ್ಲಿ ಕೆತ್ತನೆ ಮಾಡಿ ಹೆಸರಾದ ಗುಡಿಗಾರರು ಸೊರಬದವರೇ ಆಗಿರುವಾಗ, ಕೈಯ ವಿದ್ಯೆಯನ್ನು ಕೀಳೆಂದು ತಿಳಿಯುವ ಹಕ್ಕು ಸೊರಬದವರಿಗಂತೂ ಇಲ್ಲ.

ಇನ್ನು ಭಾಷೆಯ ವಿಷಯ. ನಮ್ಮ ಹಳ್ಳಿಗಳ ಬಹುಪಾಲು ಮಕ್ಕಳು ಹತ್ತು ವರ್ಷ ಕನ್ನಡದಲ್ಲಿ ಓದಿ, ವಿಜ್ಞಾನಕ್ಕೆ ಸೇರಿದ ಮೊದಲ ದಿನವೇ ಇಂಗ್ಲಿಷ್ ಪಾಠವನ್ನು ಎದುರಿಸುತ್ತಾರೆ. ಬುದ್ಧಿಯುಳ್ಳ ಮಗುವೂ ಮೊದಲ ಆರು ತಿಂಗಳು ತಡವರಿಸುತ್ತದೆ. ತನಗೆ ವಿಜ್ಞಾನವೇ ಬಾರದೆಂದು ಹೆದರುತ್ತದೆ. ಇದು ವಿಷಯದ ಕಷ್ಟವಲ್ಲ, ಪದಗಳ ಕಷ್ಟ. ಪರೀಕ್ಷೆ ಮುಗಿದು ಕಾಲೇಜು ಆರಂಭವಾಗುವವರೆಗಿನ ರಜೆಯಲ್ಲಿ ಹತ್ತನೆಯ ತರಗತಿಯ ವಿಜ್ಞಾನ, ಗಣಿತ ಪುಸ್ತಕಗಳನ್ನೇ ಇಂಗ್ಲಿಷಿನಲ್ಲಿ ಒಮ್ಮೆ ಓದಿಕೊಂಡರೆ ಈ ಕಷ್ಟವು ಬಹಳ ಮಟ್ಟಿಗೆ ಕಡಿಮೆಯಾಗುತ್ತದೆ. ತಿಳಿದಿರುವ ಪಾಠವೇ ಆದುದರಿಂದ ಪದಗಳು ತಾವಾಗಿ ಮನಸ್ಸಿನಲ್ಲಿ ನಿಲ್ಲುತ್ತವೆ. ಕಲಾ, ವಾಣಿಜ್ಯ ವಿಭಾಗಗಳಲ್ಲಿ ಕನ್ನಡದಲ್ಲಿಯೇ ಉತ್ತರಿಸಬಹುದು. ನೀಟ್ ಪರೀಕ್ಷೆಯೂ 2017ರಿಂದ ಕನ್ನಡದಲ್ಲಿ ದೊರೆಯುತ್ತಿದೆ.

ಕನ್ನಡದಲ್ಲಿ ಓದಿದುದಕ್ಕೆ ನಾಚಬೇಕಾದುದಿಲ್ಲ. ಅದರಿಂದ ಹಕ್ಕೂ ಬರುತ್ತದೆ. ಒಂದರಿಂದ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸಿ.ಇ.ಟಿ. ಸೀಟುಗಳಲ್ಲಿ ಶೇಕಡಾ 5, ಗ್ರಾಮಾಂತರ ಪ್ರದೇಶದಲ್ಲಿ ಓದಿದವರಿಗೆ ಶೇಕಡಾ 15 ಮೀಸಲಾತಿ ಇದೆ. ಇದಕ್ಕೆ ಹತ್ತು ವರ್ಷಗಳ ವ್ಯಾಸಂಗದ ಪ್ರಮಾಣಪತ್ರಗಳು ಬೇಕು. ಮುಖ್ಯೋಪಾಧ್ಯಾಯರ ಮತ್ತು ಕ್ಷೇತ್ರ ಶಿಕ್ಷಣಾಧಿಕಾರಿಗಳ ಸಹಿ ಆಗಬೇಕು. ಕಡೆಯ ದಿನ ಓಡಾಡಿ, ಒಂದು ಸಹಿ ಇಲ್ಲದೆ ಹಕ್ಕನ್ನು ಕಳೆದುಕೊಂಡವರನ್ನು ನಾವು ಕಂಡಿದ್ದೇವೆ. ಕಾಗದಪತ್ರಗಳನ್ನು ಈ ರಜೆಯಲ್ಲಿಯೇ ಸಿದ್ಧಮಾಡಿರಿ. ನಿಯಮಗಳು ವರ್ಷ ವರ್ಷಕ್ಕೆ ತಿದ್ದುಪಡಿಯಾಗುವುದರಿಂದ ಆಯಾ ವರ್ಷದ ಪ್ರಕಟಣೆಯನ್ನು ತಪ್ಪದೆ ಓದಿಕೊಳ್ಳಿರಿ.

ನಾಡು ಒಂದಾದುದರಿಂದ ವಿದ್ಯಾರ್ಥಿಗಳಿಗೆ ಆದ ಲಾಭವನ್ನೂ ಇಲ್ಲಿ ನೆನೆಯಬೇಕು. ಮಯೂರನು ಹುಟ್ಟಿದ ತಾಳಗುಂದ ಮೈಸೂರು ಸಂಸ್ಥಾನದಲ್ಲಿತ್ತು. ಅವನ ವಂಶದವರು ಆಳಿದ ಬನವಾಸಿ ಮುಂಬಯಿ ಇಲಾಖೆಯಲ್ಲಿತ್ತು. ಆನವಟ್ಟಿಯ ಹುಡುಗನಿಗೆ ಮೈಸೂರಿನ ಎಸ್.ಎಸ್.ಎಲ್.ಸಿ., ಒಂದು ಹಗಲಿನ ನಡಿಗೆಯಷ್ಟು ದೂರದ ಹಾನಗಲ್ಲಿನ ಹುಡುಗನಿಗೆ ಮುಂಬಯಿಯ ಮ್ಯಾಟ್ರಿಕ್. ಭಾಷೆ ಒಂದೇ, ಸಂತೆ ಒಂದೇ, ನೆಂಟಸ್ತನ ಒಂದೇ; ಪರೀಕ್ಷೆ ಮಾತ್ರ ಬೇರೆ, ಕಾಲೇಜು ಬೇರೆ. 1956ರ ನವೆಂಬರ್ 1ರಂದು ಆ ಗೋಡೆ ಬಿದ್ದಿತು. ಇಂದು ಸೊರಬದ ಮಗಳು ಶಿರಸಿಗೆ, ಹಾವೇರಿಗೆ, ಧಾರವಾಡಕ್ಕೆ ತನ್ನ ನಾಡಿನೊಳಗೇ ಓದಲು ಹೋಗುತ್ತಾಳೆ. ಹಿರಿಯರು ಹೋರಾಡಿ ಗಳಿಸಿಕೊಟ್ಟ ಈ ವಿಶಾಲವಾದ ಅಂಗಳವನ್ನು ನಾವು ಶಿವಮೊಗ್ಗ, ಬೆಂಗಳೂರುಗಳೆಂಬ ಎರಡೇ ಹೆಸರುಗಳಿಗೆ ಕುಗ್ಗಿಸಿಕೊಂಡಿದ್ದೇವೆ.

ತಾಯಿತಂದೆಗಳೇ, ನಿಮ್ಮಲ್ಲಿ ಎರಡು ವಿನಂತಿಗಳು. ಮೊದಲನೆಯದು ಹೆಣ್ಣುಮಕ್ಕಳ ವಿಷಯ. ಗಂಡುಮಗನಿಗೆ ಯಾವ ವಿಷಯ ಬೇಕೆಂದು ಕೇಳುವ ಮನೆಯಲ್ಲಿಯೇ, ಮಗಳಿಗೆ ಯಾವ ಕಾಲೇಜಿಗೆ ಬಸ್ಸಿದೆಯೆಂದು ಮಾತ್ರ ನೋಡುತ್ತಾರೆ. ಹತ್ತಿರದ ಕಾಲೇಜಿನಲ್ಲಿ ಇರುವ ವಿಷಯವೇ ಅವಳ ಆಯ್ಕೆಯಾಗಿಬಿಡುತ್ತದೆ. ಉಡುತಡಿಯ ಅಕ್ಕಮಹಾದೇವಿಯು ತನ್ನ ದಾರಿಯನ್ನು ತಾನೇ ಆರಿಸಿಕೊಂಡವಳು. ಆ ಊರೂ ಈ ತಾಲ್ಲೂಕಿನದೇ. ವಿದ್ಯಾರ್ಥಿನಿಲಯವೆಲ್ಲಿದೆ, ಅದರ ಅರ್ಜಿ ಯಾವಾಗ ಎಂದು ವಿಚಾರಿಸುವ ಶ್ರಮವನ್ನು ಮಗಳಿಗಾಗಿಯೂ ವಹಿಸಿರಿ. ಎರಡನೆಯದು ಹಣದ ವಿಷಯ. ಮಗುವಿನ ಮನಸ್ಸನ್ನು ತಿಳಿಯದೆ ಜಮೀನಿನ ಮೇಲೆ ಸಾಲ ಮಾಡಬೇಡಿರಿ. ಸಾಲದ ಭಾರವನ್ನು ಬ್ಯಾಂಕಿನವರು ನಿಮ್ಮ ಹೆಸರಿನಲ್ಲಿ ಬರೆಯುತ್ತಾರೆ. ಆದರೆ ಅದನ್ನು ಹದಿನಾರು ವರ್ಷದ ಮಗುವು ಹಾಸ್ಟೆಲಿನ ಕೋಣೆಯಲ್ಲಿ ದಿನವೂ ಹೊರುತ್ತದೆ.

ಉಪಾಧ್ಯಾಯ ಬಂಧುಗಳೇ, ನಿಮ್ಮಲ್ಲಿಯೂ ಒಂದು ಬಿನ್ನಹ. ಫೆಬ್ರವರಿಯೊಳಗೆ ಒಂದು ದಿನ ಪ್ರತಿಯೊಂದು ಮಗುವನ್ನೂ ಅದರ ತಾಯಿತಂದೆಗಳೊಡನೆ ಹದಿನೈದು ನಿಮಿಷ ಕೂಡಿಸಿ ಮಾತನಾಡಿಸಿರಿ. ಅಂಕಗಳನ್ನು ಪಕ್ಕಕ್ಕಿಟ್ಟು, ಈ ಮಗುವಿಗೆ ಇದು ಬರುತ್ತದೆ, ಇದರಲ್ಲಿ ಒಲವಿದೆ, ಇದು ಕಷ್ಟ ಎಂದು ಬಿಚ್ಚಿ ಹೇಳಿರಿ. ತಂದೆಯವರು ಅಸಮಾಧಾನಪಟ್ಟರೂ ಹೇಳಿರಿ. ನಮಗೆ ಅಂದು ಒಬ್ಬ ಗುರುಗಳು ಹೀಗೆ ಹೇಳಿದ್ದರೆ ಒಂದು ವರ್ಷ ಉಳಿಯುತ್ತಿತ್ತು.

ವಿದ್ಯಾರ್ಥಿಗಳೇ, ಕೊನೆಯ ಮಾತು ನಿಮಗೆ. ಇಂದು ರಾತ್ರಿ ಒಂದು ಹಾಳೆಯನ್ನು ತೆಗೆದುಕೊಂಡು ನಿಮಗೆ ಇಷ್ಟವಾದ ಎರಡು ಉದ್ಯೋಗಗಳನ್ನೂ, ಅವುಗಳ ಕೆಳಗೆ ಬೇಕಾದ ಪದವಿ, ಪರೀಕ್ಷೆ, ಪಿ.ಯು.ಸಿ. ವಿಷಯಗಳನ್ನೂ ಬರೆಯಿರಿ. ತಿಳಿಯದುದನ್ನು ಖಾಲಿ ಬಿಡಿರಿ. ನಾಳೆ ಗುರುಗಳನ್ನು ಕೇಳಿ ತುಂಬಿರಿ. ಆ ಹಾಳೆಯನ್ನು ಮನೆಯಲ್ಲಿ ಹಿರಿಯರ ಕೈಗೆ ಕೊಡಿರಿ. ಬಾಯಿ ಬಿಟ್ಟು ಹೇಳಲು ಅಂಜುವ ಮಾತನ್ನು ಹಾಳೆಯು ಹೇಳುತ್ತದೆ. 1942ರಲ್ಲಿ ತಮ್ಮ ಊರನ್ನು ಸ್ವತಂತ್ರವೆಂದು ಸಾರಿದ ಈಸೂರಿನ ಜನರ ಸೀಮೆಯವರು ನೀವು. ಸ್ವಂತ ಮನೆಯಲ್ಲಿ ಸ್ವಂತ ಮನಸ್ಸನ್ನು ವಿನಯದಿಂದ ತಿಳಿಸಲು ನಿಮಗೇಕೆ ಅಂಜಿಕೆ?

ಮಯೂರಶರ್ಮನೊಡನೆ ಕಂಚಿಯವರೆಗೆ ಗುರುವೂ ನಡೆದನು. ನಿಮ್ಮೊಡನೆಯೂ ಹಿರಿಯರು ನಡೆಯಲಿ. ಆದರೆ ಯಾವ ಊರಿಗೆ ಹೊರಟಿರುವೆವೆಂಬುದು ನಿಮಗೆ ತಿಳಿದಿರಲಿ.